ಫಿನ್ನಿಶ್ ಕಲಿಯುವವರಿಗೆ ಟರ್ಮಿನಲ್ ನಿಘಂಟು: ಕಣ್ಣಿಗೆ ಬಿದ್ದ ರೂಪದಿಂದ ನೇರವಾಗಿ ಅರ್ಥಕ್ಕೆ

ಫಿನ್‌ಲೆಂಡಿಗೆ ಕೆಲಸದ ಮೇಲೆ ಹೋದವರು, ಹೋಗಲು ಸಿದ್ಧತೆ ನಡೆಸಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ದಿನವಿಡೀ ಟರ್ಮಿನಲ್ (ಕಂಪ್ಯೂಟರಿಗೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ತೆರೆದಿಟ್ಟುಕೊಂಡೇ ಕೆಲಸ ಮಾಡುತ್ತೇವೆ, ಫಿನ್ನಿಶ್ ಪದವೊಂದು ಎದುರಾದಾಗ ಅಲ್ಲೇ ಟೈಪ್ ಮಾಡಿ ತಟ್ಟನೆ ಅರ್ಥ ಪಡೆಯುವುದು ಹೇಗೆ? ಪೈಥಾನ್ ಅಥವಾ ಅಂಥ ಇನ್ನಾವುದಾದರೂ ಭಾಷೆಯಲ್ಲಿ ಚಿಕ್ಕ ಪ್ರೋಗ್ರಾಂ ಬರೆಯಬಲ್ಲವರು ಇದನ್ನು ಒಂದು ವಾರಾಂತ್ಯದಲ್ಲಿ ಕಟ್ಟಿಕೊಳ್ಳಬಹುದು. ಹೇಗೆಂದು ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ಒಂದು ಸೂಚನೆ. ಫಿನ್ನಿಶ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಮೇಲೆ ಎರಡು ಚುಕ್ಕಿ ಇರುವ ರೋಮನ್ 'ಎ' ಅಕ್ಷರದ (ä) ಉಚ್ಚಾರಣೆ ನಾವು 'ಬ್ಯಾಂಕ್' ಎನ್ನುವಾಗ ಬರುವ ಸ್ವರಕ್ಕೆ ಹತ್ತಿರ. ಹಾಗಾಗಿ ಅದಿರುವಲ್ಲಿ 'ಕ್ಯಾ', 'ಸ್ಯಾ' ಎಂದು ಬರೆದಿದ್ದೇನೆ.

ವೇಗ ಎಂದರೆ ಇಲ್ಲಿ ಏನು

ವೇಗದ ಮಾತು ಬಂದ ಕೂಡಲೇ ಬಹಳ ಮಂದಿ ಪ್ರೋಗ್ರಾಂ ಬರೆಯಲು ರಸ್ಟ್ ಭಾಷೆ ಒಳ್ಳೆಯದೋ ಗೋ ಭಾಷೆ ಒಳ್ಳೆಯದೋ ಎಂಬ ಚರ್ಚೆಗೆ ಇಳಿಯುತ್ತಾರೆ. ಫಿನ್ನಿಶ್ ವಿಷಯದಲ್ಲಿ ತಡವಾಗುವುದು ಕಂಪ್ಯೂಟರಿನಿಂದಲ್ಲ, ಪದದ ಮೂಲರೂಪ ಗೊತ್ತಿಲ್ಲದೆ ಹುಡುಕುವುದರಿಂದ. ಬಸ್ ನಿಲ್ದಾಣದ ಫಲಕದಲ್ಲಿ 'ಕದುಲ್ಲ' ಎಂದು ಕಂಡಿತು ಎನ್ನಿ. ಕಲಿಯುವವರು ಕೊನೆಯ 'ಲ್ಲ' ತೆಗೆದು 'ಕದು' ಎಂದು ಹುಡುಕುತ್ತಾರೆ. ನಿಘಂಟಿನಲ್ಲಿ ಅದು ಇಲ್ಲ. ಮೂಲಪದ 'ಕತು', ಅಂದರೆ ಬೀದಿ. ಪ್ರತ್ಯಯ ಸೇರಿದಾಗ ತಕಾರ ದಕಾರವಾಗಿದೆ.

ಕನ್ನಡ ಓದಿದವರಿಗೆ ಇದು ತೀರಾ ಹೊಸದಲ್ಲ. ಆದೇಶ ಸಂಧಿಯಲ್ಲಿ ಕ, ತ, ಪಗಳಿಗೆ ಗ, ದ, ಬಗಳು ಬರುವುದನ್ನು ನಾವು ಶಾಲೆಯಲ್ಲೇ ಕಲಿತಿದ್ದೇವೆ: ಮಳೆಗಾಲ, ಬೆಟ್ಟದಾವರೆ, ಕಂಬನಿ. ಫಿನ್ನಿಶ್‌ನಲ್ಲೂ ಬದಲಾಗುವ ವ್ಯಂಜನಗಳು ಇವೇ ಮೂರು. ಆದರೆ ಅಲ್ಲಿ ಕಾರಣ ಬೇರೆ. ಪ್ರತ್ಯಯ ಸೇರಿ ಅಕ್ಷರಾಂಶವು ವ್ಯಂಜನದಿಂದ ಮುಚ್ಚಿಕೊಂಡಾಗ ಈ ಬದಲಾವಣೆ ಆಗುತ್ತದೆ. ತ ದ ಆಗುತ್ತದೆ, ಪ ವ ಆಗುತ್ತದೆ, ಕ ಎಷ್ಟೋ ಕಡೆ ಪೂರ್ತಿ ಮಾಯವಾಗುತ್ತದೆ. ಒತ್ತಕ್ಷರವಿದ್ದರೆ ಅದು ಸಡಿಲವಾಗುತ್ತದೆ: 'ಕೌಪ್ಪ' ಎಂದರೆ ಅಂಗಡಿ, 'ಕೌಪಸ್ಸ' ಎಂದರೆ ಅಂಗಡಿಯಲ್ಲಿ.

ಇದರ ಮೇಲೆ ಹದಿನೈದು ವಿಭಕ್ತಿಗಳು, ಏಕವಚನ ಬಹುವಚನ, 'ನನ್ನ' 'ನಿನ್ನ' ಎಂಬ ಅರ್ಥದ ಸ್ವಾಮ್ಯ ಪ್ರತ್ಯಯಗಳು, ಕೊನೆಯಲ್ಲಿ ನಮ್ಮ 'ಊ', 'ಏ', 'ಓ'ಗಳಂತೆ ಅಂಟಿಕೊಳ್ಳುವ ಚಿಕ್ಕ ಪ್ರತ್ಯಯಗಳು. 'ತಲೊಸ್ಸಕಿನ್' ಎಂದರೆ ಅಚ್ಚುಕಟ್ಟಾಗಿ 'ಮನೆಯಲ್ಲಿಯೂ'. ಹೀಗೆ ಲೆಕ್ಕ ಹಾಕುತ್ತ ಹೋದರೆ ಒಂದೇ ನಾಮಪದಕ್ಕೆ ಎರಡು ಸಾವಿರದಷ್ಟು ರೂಪಗಳು ಸಾಧ್ಯ. ಓದುವವರ ಕಣ್ಣಿಗೆ ಬೀಳುವುದು ಈ ರೂಪಗಳು. ಸಾಮಾನ್ಯ ನಿಘಂಟು ಅರಿಯುವುದು ಮೂಲಪದವನ್ನು ಮಾತ್ರ.

ಆದ್ದರಿಂದ ನಮ್ಮ ನಿಘಂಟು ಕಂಡ ರೂಪವನ್ನು ಇದ್ದಂತೆಯೇ ಸ್ವೀಕರಿಸಬೇಕು. ಮೂಲಪದ ಯಾವುದು ಎಂಬ ಲೆಕ್ಕಾಚಾರವನ್ನೆಲ್ಲ ಮೊದಲೇ ಮುಗಿಸಿ ದತ್ತಾಂಶದಲ್ಲಿ ಬರೆದಿಡಬೇಕು. ಹುಡುಕುವ ಹೊತ್ತಿಗೆ ಉಳಿಯುವುದು ಸೂಚಿಯಲ್ಲಿ (ಯಾವ ರೂಪ ಎಲ್ಲಿದೆ ಎಂದು ತಟ್ಟನೆ ಹೇಳುವ ಇಂಡೆಕ್ಸ್) ಒಂದು ನೋಟ ಮಾತ್ರ.

ಬೇಕಾಗುವ ಸಾಮಗ್ರಿ

ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ಅನುಕೂಲ. ವಿಂಡೋಸ್ ಬಳಸುವವರು ಅದರೊಳಗಿನ ಲಿನಕ್ಸ್ ಉಪವ್ಯವಸ್ಥೆಯಲ್ಲಿ ಮಾಡಿಕೊಳ್ಳಿ. ಹಳೆಯ ಕಮಾಂಡ್ ಕಿಟಕಿಯಲ್ಲಿ ಚುಕ್ಕಿಯ ಅಕ್ಷರಗಳು ಕೆಟ್ಟು ಕಾಡುತ್ತವೆ. ಉಳಿದಂತೆ ಪೈಥಾನ್ 3, ಎಸ್‌ಕ್ಯೂಲೈಟ್ ಮತ್ತು ವೊಯ್ಕ್ಕೊ ಬೇಕು. ಎಸ್‌ಕ್ಯೂಲೈಟ್ ಎಂದರೆ ಇಡೀ ದತ್ತಸಂಚಯವನ್ನು ಒಂದೇ ಫೈಲಿನಲ್ಲಿ ಇಡುವ, ಸರ್ವರ್ ಬೇಡದ ತಂತ್ರಾಂಶ. ವೊಯ್ಕ್ಕೊ ಎಂಬುದು ಫಿನ್ನಿಶ್ ಕಾಗುಣಿತ ಪರೀಕ್ಷಕ. ಲಿಬ್ರೆ ಆಫೀಸಿನಲ್ಲಿ ಫಿನ್ನಿಶ್ ಬರೆಯುವವರು ಬಳಸುವುದು ಇದನ್ನೇ. ಅದರೊಳಗೆ ಪದರೂಪ ವಿಶ್ಲೇಷಕವೂ ಇದೆ: ಕೊಟ್ಟ ರೂಪವನ್ನು ಬಿಡಿಸಿ ಮೂಲಪದ, ವಿಭಕ್ತಿ, ಪ್ರತ್ಯಯಗಳನ್ನು ಹೇಳುತ್ತದೆ. ಡೆಬಿಯನ್, ಉಬುಂಟು ಭಂಡಾರಗಳಲ್ಲಿ ಮೂರೂ ಸಿಗುತ್ತವೆ.

ಏನೂ ಕಟ್ಟುವ ಉಮೇದಿಲ್ಲ, ಮೂಲಪದ ಹುಡುಕಿದರೆ ಸಾಕು ಎನ್ನುವವರು ಸ್ಟಾರ್‌ಡಿಕ್ಟ್ ಮಾದರಿಯ ನಿಘಂಟು ಫೈಲುಗಳನ್ನು ಟರ್ಮಿನಲ್‌ನಲ್ಲಿ ಓದುವ ಎಸ್‌ಡಿಸಿವಿ ಬಳಸಬಹುದು. ಆದರೆ 'ಕದುಲ್ಲ' ಎಂದರೆ ಅದು ಕೈ ಚೆಲ್ಲುತ್ತದೆ.

ಹಂತ 1: ದತ್ತಾಂಶ ತರುವುದು

ಯಾರು ಬೇಕಾದರೂ ಬರೆಯಬಹುದಾದ ಅಂತರ್ಜಾಲ ನಿಘಂಟು ವಿಕ್ಷನರಿ. ಅದರ ಇಂಗ್ಲಿಷ್ ಆವೃತ್ತಿಯಲ್ಲಿ ಫಿನ್ನಿಶ್ ಪದಗಳ ಸಂಗ್ರಹ ಬಹಳ ಸಮೃದ್ಧವಾಗಿದೆ. ಅರ್ಥದ ಜೊತೆಗೆ ಬಹಳಷ್ಟು ಪದಗಳ ವಿಭಕ್ತಿ ಕೋಷ್ಟಕವೂ ಇದೆ. ಅದರ ಪುಟಗಳನ್ನು ನೀವೇ ಕೆದಕಿ ತೆಗೆಯುವ ಅಗತ್ಯವಿಲ್ಲ. ತತು ಯುಲೊನೆನ್ ಆ ಕೆಲಸಕ್ಕೆಂದೇ ವಿಕ್‌ಟೆಕ್ಸ್‌ಟ್ರಾಕ್ಟ್ ಎಂಬ ಸಾಧನ ಬರೆದು, ಅದರ ಫಲಿತಾಂಶವನ್ನು ಕೈಕ್ಕಿ ಡಾಟ್ ಆರ್ಗ್ ತಾಣದಲ್ಲಿ ಭಾಷಾವಾರು ಒದಗಿಸಿದ್ದಾರೆ. 1995ರಲ್ಲಿ ಎಸ್‌ಎಸ್‌ಎಚ್ ಸೃಷ್ಟಿಸಿದ ಫಿನ್ನಿಶ್ ತಂತ್ರಜ್ಞ ಇವರೇ. ದೂರದ ಸರ್ವರಿಗೆ ಲಾಗಿನ್ ಆಗುವಾಗೆಲ್ಲ ನೀವು ಬಳಸುವುದು ಅವರು ಹಾಕಿಕೊಟ್ಟ ದಾರಿಯನ್ನೇ.

ಫಿನ್ನಿಶ್ ಭಾಗವನ್ನು ಮಾತ್ರ ಇಳಿಸಿಕೊಳ್ಳಿ. ಫೈಲಿನಲ್ಲಿ ಸಾಲಿಗೊಂದು ಜೇಸನ್ ದಾಖಲೆ ಇರುತ್ತದೆ. ಜೇಸನ್ ಎಂದರೆ ಹೆಸರು ಮತ್ತು ಮೌಲ್ಯಗಳನ್ನು ಜೋಡಿಯಾಗಿ ಬರೆದಿಡುವ ಪಠ್ಯ ಮಾದರಿ. ಫೈಲು ದೊಡ್ಡದು, ಇಡಿಯಾಗಿ ಮೆಮೊರಿಗೆ ತುಂಬಿಸಲು ಹೋಗಬೇಡಿ. ಒಂದು ಸಾಲು ಓದಿ, ಬೇಕಾದ್ದನ್ನು ತೆಗೆದುಕೊಂಡು, ಮುಂದಿನ ಸಾಲಿಗೆ ಹೋಗಿ.

ವಿಕ್ಷನರಿಯ ಪಠ್ಯ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ನಿಮ್ಮ ನಿಘಂಟಿನ ಫೈಲನ್ನು ಗೆಳೆಯರಿಗೆ ಹಂಚುವುದಾದರೆ ಮೂಲವನ್ನು ಹೆಸರಿಸಿ, ಅದೇ ಪರವಾನಗಿಯಲ್ಲೇ ಹಂಚಿ.

ಹಂತ 2: ಎರಡು ಪಟ್ಟಿಗಳು

ದತ್ತಸಂಚಯದಲ್ಲಿ ಎರಡು ಕೋಷ್ಟಕ ಸಾಕು. ಮೊದಲನೆಯದು 'ಪದ': ಕ್ರಮಸಂಖ್ಯೆ, ಮೂಲಪದ, ನಾಮಪದವೋ ಕ್ರಿಯಾಪದವೋ ಎಂಬ ವರ್ಗ, ಅರ್ಥಗಳು. ಎರಡನೆಯದು 'ರೂಪ': ಕಾಣುವ ರೂಪ, ಅದು ಯಾವ ಕ್ರಮಸಂಖ್ಯೆಯ ಪದಕ್ಕೆ ಸೇರಿದ್ದು, ಯಾವ ವಿಭಕ್ತಿ ಮತ್ತು ವಚನ. ಮೂಲಪದವನ್ನೂ ಒಂದು ರೂಪವೆಂದೇ ಎರಡನೆಯ ಕೋಷ್ಟಕಕ್ಕೆ ಸೇರಿಸಿಬಿಡಿ. ಆಗ ಹುಡುಕಾಟ ಒಂದೇ ಕಡೆ ನಡೆಯುತ್ತದೆ.

ಹಂತ 3: ರೂಪಗಳನ್ನು ತುಂಬುವುದು

ಇಡೀ ಕೆಲಸದ ಜೀವಾಳ ಇದು. ಅವಸರ ಬೇಡ.

ಮೂಲಪದಗಳ ದಾಖಲೆಗಳಲ್ಲಿ ಸಾಮಾನ್ಯವಾಗಿ 'ಫಾರ್ಮ್ಸ್' ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ಒಂದೊಂದು ರೂಪ ಮತ್ತು ಅದರ ಲಕ್ಷಣಗಳ ಗುರುತುಗಳು. ಹಾಗೆಂದು ಎಲ್ಲವನ್ನೂ ಬಾಚಿ ಹಾಕಿದರೆ ನಿಘಂಟಿನಲ್ಲಿ ಕಸ ತುಂಬುತ್ತದೆ. ಪಟ್ಟಿಯ ಮೊದಲ ಕೆಲವು ಸಾಲುಗಳು ಪದರೂಪಗಳೇ ಅಲ್ಲ: ಕೋಷ್ಟಕದ ಬಗೆಗಿನ ಗುರುತು, ವಿಕ್ಷನರಿಯ ಟೆಂಪ್ಲೇಟಿನ ಹೆಸರು ಇತ್ಯಾದಿ. ಅವುಗಳ ಗುರುತಿನಲ್ಲಿ 'ಟೇಬಲ್-ಟ್ಯಾಗ್ಸ್', 'ಇನ್‌ಫ್ಲೆಕ್ಷನ್-ಟೆಂಪ್ಲೇಟ್' ಎಂದಿರುತ್ತದೆ. ಕಂಡ ತಕ್ಷಣ ಕೈಬಿಡಿ. ಬರಿಯ ಅಡ್ಡಗೆರೆ ಇರುವ ಸಾಲುಗಳನ್ನೂ ಬಿಡಿ. ಅದು 'ಈ ರೂಪ ಇಲ್ಲ' ಎಂಬುದರ ಚಿಹ್ನೆ.

ಕ್ರಿಯಾಪದಗಳ ಕೋಷ್ಟಕದಲ್ಲಿ ಎರಡು ಮೂರು ಪದಗಳ ರೂಪಗಳೂ ಇರುತ್ತವೆ. ನಿಷೇಧಕ್ಕೆ ಫಿನ್ನಿಶ್‌ನಲ್ಲಿ ಬೇರೆಯೇ ಸಹಾಯಕ ಕ್ರಿಯಾಪದವಿದೆ: 'ಪುಹುನ್' ಎಂದರೆ ಮಾತಾಡುತ್ತೇನೆ, 'ಎನ್ ಪುಹು' ಎಂದರೆ ಮಾತಾಡುವುದಿಲ್ಲ. ಇಂಥವುಗಳಲ್ಲಿ ಕೊನೆಯ ಪದವನ್ನು ಮಾತ್ರ 'ನಿಷೇಧದ ಜೊತೆ ಬರುವ ರೂಪ' ಎಂಬ ಗುರುತಿನೊಂದಿಗೆ ಉಳಿಸಿಕೊಳ್ಳಿ. ನಡುವೆ ಖಾಲಿ ಜಾಗವಿರುವ ಉಳಿದ ರೂಪಗಳನ್ನು ಬಿಟ್ಟರೆ ನಷ್ಟವಿಲ್ಲ.

ಒಂದೇ ರೂಪ ಹಲವು ಕೋಶಗಳಲ್ಲಿ ಬರುತ್ತದೆ. 'ತಲೊನ್' ಷಷ್ಠಿಯೂ ಹೌದು, ಕರ್ಮಾರ್ಥದ ರೂಪವೂ ಹೌದು. ಎರಡು ಸಾಲು ಮಾಡದೆ ಗುರುತುಗಳನ್ನು ಒಂದೇ ಸಾಲಿಗೆ ಕೂಡಿಸಿ.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರೋಣ. ವಿಕ್ಷನರಿಯಲ್ಲಿ ಬಹಳಷ್ಟು ರೂಪಗಳಿಗೆ ಅವುಗಳದೇ ಪುಟವಿದೆ. 'ಕ್ಯಾದೆಸ್ಸ್ಯಾ' ಹುಡುಕಿದರೆ 'ಕ್ಯಾಸಿ ಪದದ ಏಕವಚನ ಸಪ್ತಮಿ' ಎಂಬಂಥ ವಿವರಣೆ ಸಿಗುತ್ತದೆ, ಅರ್ಥ ಸಿಗುವುದಿಲ್ಲ. ಇದನ್ನೇ ಅರ್ಥವೆಂದು ತುಂಬಿಸಿದರೆ ಕಲಿಯುವವರು ಮತ್ತೆ 'ಕ್ಯಾಸಿ' ಎಂದು ಹುಡುಕಬೇಕಾಗುತ್ತದೆ. ಅಂಥ ದಾಖಲೆಗಳ ಅರ್ಥದೊಳಗೆ 'ಫಾರ್ಮ್ ಆಫ್' ಎಂಬ ಕ್ಷೇತ್ರವಿರುತ್ತದೆ. ಅದು ಮೂಲಪದವನ್ನು ಹೇಳುತ್ತದೆ. ನಿಘಂಟು ಕಟ್ಟುವಾಗಲೇ ಅದನ್ನು ಹಿಂಬಾಲಿಸಿ ಮೂಲಪದದ ಕ್ರಮಸಂಖ್ಯೆಗೆ ಜೋಡಿಸಿ.

ಆದರೆ ಈ ಕ್ಷೇತ್ರವನ್ನು ಕುರುಡಾಗಿ ನಂಬುವಂತಿಲ್ಲ. 'ಕೂಸಿ' ಎಂದರೆ ಆರು ಎಂಬ ಸಂಖ್ಯೆ, 'ಕೂಸಿ' ಎಂದರೆ ಸ್ಪ್ರೂಸ್ ಮರ ಕೂಡ. 'ಆರರ' ಎನ್ನಲು 'ಕೂದೆನ್', 'ಸ್ಪ್ರೂಸ್ ಮರದ' ಎನ್ನಲು 'ಕೂಸೆನ್'. 'ಫಾರ್ಮ್ ಆಫ್' ಹೇಳುವುದು 'ಕೂಸಿ' ಎಂದಷ್ಟೇ, ಯಾವ ಕೂಸಿ ಎಂದಲ್ಲ. ಅದನ್ನೇ ನಂಬಿದರೆ 'ಕೂಸೆನ್' ಹುಡುಕಿದವರಿಗೆ ಆರು ಎಂಬ ಅರ್ಥವೂ ಬಂದು ಕೂರುತ್ತದೆ. ದಾಖಲೆಯೊಳಗಿನ 'ಫಾರ್ಮ್ಸ್' ಪಟ್ಟಿ ಆಯಾ ಪದಕ್ಕೇ ಸೇರಿದ್ದು. ಆದ್ದರಿಂದ ಮೊದಲ ಆದ್ಯತೆ ಅದಕ್ಕೆ. ಅಲ್ಲಿ ಸಿಗದ ರೂಪಗಳಿಗೆ ಮಾತ್ರ 'ಫಾರ್ಮ್ ಆಫ್' ಬಳಸಿ.

ಹಂತ 4: ಅಕ್ಷರಗಳನ್ನು ಒಂದೇ ಹದಕ್ಕೆ ತರುವುದು

ಚುಕ್ಕಿಯ 'ಎ' ಅಕ್ಷರವನ್ನು ಯುನಿಕೋಡಿನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು: ಒಂದೇ ಸಂಕೇತವಾಗಿ, ಅಥವಾ ಬರಿಯ 'ಎ' ಬರೆದು ಅದರ ಮೇಲೆ ಚುಕ್ಕಿಗಳ ಸಂಕೇತ ಸೇರಿಸಿ. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಎರಡೂ ಬೇರೆ ಬೇರೆ. ಪಿಡಿಎಫ್‌ನಿಂದ ನಕಲಿಸಿದ ಪದ ಸಿಗದೇ ಹೋಗಲು ಬಹುಪಾಲು ಇದೇ ಕಾರಣ. ಪೈಥಾನಿನ ಯುನಿಕೋಡ್ ಘಟಕದಲ್ಲಿ ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣವಿದೆ. ಅದು ಎಲ್ಲವನ್ನೂ ಒಂದೇ ಸಂಕೇತಕ್ಕೆ ತರುತ್ತದೆ. ತುಂಬುವಾಗಲೂ ಹುಡುಕುವಾಗಲೂ, ಎರಡೂ ಕಡೆ ಇದನ್ನು ಮಾಡಬೇಕು. ಒಂದು ಕಡೆ ಮಾಡಿ ಇನ್ನೊಂದು ಕಡೆ ಬಿಟ್ಟರೆ ಮೊದಲಿಗಿಂತ ಕೆಟ್ಟ ಸ್ಥಿತಿ.

ದೊಡ್ಡಕ್ಷರವನ್ನು ಚಿಕ್ಕಕ್ಷರ ಮಾಡುವ ಕೆಲಸವನ್ನೂ ಪೈಥಾನಿನಲ್ಲೇ ಮಾಡಿ. ಎಸ್‌ಕ್ಯೂಲೈಟಿಗೆ ಬಿಡಬೇಡಿ. ಅದರ ಸಹಜ ವ್ಯವಸ್ಥೆಗೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ದೊಡ್ಡದು ಚಿಕ್ಕದು ಮಾತ್ರ ಗೊತ್ತು. ವಾಕ್ಯದ ಮೊದಲಲ್ಲಿ ಚುಕ್ಕಿಯ ದೊಡ್ಡ ಅಕ್ಷರದಿಂದ ಶುರುವಾಗುವ ಪದ ಅದಕ್ಕೆ ಬೇರೆಯೇ ಪದ.

ಮತ್ತೊಂದು ಅಪಾಯ ಉದ್ಧರಣ ಚಿಹ್ನೆಯದು. ಕಕಾರ ಮಾಯವಾಗಿ ಎರಡೂ ಬದಿಗೆ ಒಂದೇ ಸ್ವರ ಉಳಿದರೆ ಫಿನ್ನಿಶ್‌ನಲ್ಲಿ ನಡುವೆ ಮೇಲುಕೊಂಬು (ಅಪಾಸ್ಟ್ರಫಿ) ಹಾಕುತ್ತಾರೆ. 'ವಾಕ' ಎಂದರೆ ತಕ್ಕಡಿ, ಅದರ ಷಷ್ಠಿ 'ವಾ'ಅನ್'. ಹುಡುಕುವ ಪದವನ್ನು ದತ್ತಸಂಚಯಕ್ಕೆ ಕೇಳುವ ಪ್ರಶ್ನೆಯ ವಾಕ್ಯದೊಳಗೆ ನೇರವಾಗಿ ಅಂಟಿಸುವ ಸ್ಕ್ರಿಪ್ಟು ಈ ಪದದ ಮುಂದೆ ಮುರಿದು ಬೀಳುತ್ತದೆ. ವಾಕ್ಯದಲ್ಲಿ ಪದ ಬರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆ ಬರೆದು, ಪದವನ್ನು ಯಾವಾಗಲೂ ಪ್ರತ್ಯೇಕ ಮೌಲ್ಯವಾಗಿ ಅದರ ಜಾಗಕ್ಕೆ ಕೊಡಿ. ಅಚ್ಚಿನಲ್ಲಿ ಬರುವ ಬಾಗಿದ ಮೇಲುಕೊಂಬನ್ನು ನೇರ ಮೇಲುಕೊಂಬಿಗೆ ಬದಲಿಸುವುದನ್ನೂ ಮರೆಯಬೇಡಿ.

ಸಮಾಸದಲ್ಲಿ ಎರಡು ಪದಗಳು ಕೂಡುವಲ್ಲಿ ಒಂದೇ ಸ್ವರ ಎದುರಾದರೆ ಅಡ್ಡಗೆರೆ ಬರುತ್ತದೆ. ಬಸ್ಸಿಗೆ ಹೇಳುವ 'ಲಿನ್ಯ-ಔತೊ' ಅಂಥದ್ದು. ಆದ್ದರಿಂದ ಅಡ್ಡಗೆರೆಗಳನ್ನು ಸಾರಾಸಗಟಾಗಿ ಅಳಿಸಬೇಡಿ.

ಹಂತ 5: ಚುಕ್ಕಿಯಿಲ್ಲದೆ ಹುಡುಕುವ ದಾರಿ

ನಮ್ಮ ಕೀಲಿಮಣೆಗಳಲ್ಲಿ ಚುಕ್ಕಿಯ ಅಕ್ಷರಗಳಿಲ್ಲ. 'ರೂಪ' ಕೋಷ್ಟಕದಲ್ಲಿ ಇನ್ನೊಂದು ಕಂಬಸಾಲು ಸೇರಿಸಿ, ಅದರಲ್ಲಿ ಚುಕ್ಕಿ ತೆಗೆದ ರೂಪ ಇಡಿ. ಇಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಚುಕ್ಕಿ ತೆಗೆದ ಹುಡುಕಾಟ ಎಂದಿಗೂ ಮೊದಲ ಸಾಲಿಗೆ ಬರಬಾರದು. 'ಸಾರಿ' ಎಂದರೆ ದ್ವೀಪ, 'ಸ್ಯಾರಿ' ಎಂದರೆ ಮೊಣಕಾಲಿನ ಕೆಳಗಿನ ಕಾಲು. ಫಿನ್ನಿಶ್‌ನಲ್ಲಿ ಇವು ಬೇರೆಯೇ ಅಕ್ಷರಗಳು, ವರ್ಣಮಾಲೆಯ ಕೊನೆಯಲ್ಲಿ ತಮ್ಮದೇ ಸ್ಥಾನ ಇರುವವು. ಟೈಪ್ ಮಾಡಿದ್ದಕ್ಕೆ ನಿಖರವಾಗಿ ಹೊಂದುವುದನ್ನು ಮೊದಲು ತೋರಿಸಿ. ಚುಕ್ಕಿಯ ವ್ಯತ್ಯಾಸದಿಂದ ಹೊಂದುವುದನ್ನು ಕೆಳಗೆ 'ಇದೂ ಇರಬಹುದು' ಎಂದು ಒಂದೇ ಸಾಲಿನಲ್ಲಿ ತೋರಿಸಿ. ಇಲ್ಲದಿದ್ದರೆ ಕಲಿಯುವವರಿಗೆ ಎರಡೂ ಒಂದೇ ಎಂಬ ಭಾವನೆ ಬೇರೂರುತ್ತದೆ. ಆಮೇಲೆ ಅದನ್ನು ಕೀಳುವುದು ಕಷ್ಟ.

ಹಂತ 6: ಸೂಚಿ ಕಟ್ಟುವುದು

ತುಂಬುವ ಕೆಲಸವೆಲ್ಲ ಒಂದೇ ವ್ಯವಹಾರದೊಳಗೆ ನಡೆಯಲಿ. ವ್ಯವಹಾರ ಎಂದರೆ ಆರಂಭ ಮತ್ತು ಮುಕ್ತಾಯದ ನಡುವಿನ ಎಲ್ಲ ಬದಲಾವಣೆಗಳನ್ನು ಒಟ್ಟಿಗೆ ಡಿಸ್ಕಿಗೆ ಬರೆಯುವುದು. ಇದನ್ನು ಬಿಟ್ಟರೆ ಪ್ರತಿ ಸಾಲಿಗೂ ಡಿಸ್ಕು ಬರೆದು ಮುಗಿಸುವ ತನಕ ಕಾಯಬೇಕಾಗಿ, ನಿಮಿಷಗಳ ಕೆಲಸ ಗಂಟೆಗಟ್ಟಲೆ ಹಿಡಿಯುತ್ತದೆ. ಸೂಚಿಗಳನ್ನು ಎಲ್ಲ ತುಂಬಿದ ಮೇಲೆ ಕಟ್ಟಿ: ರೂಪಕ್ಕೊಂದು, ಚುಕ್ಕಿ ತೆಗೆದ ರೂಪಕ್ಕೊಂದು.

ಎಸ್‌ಕ್ಯೂಲೈಟಿನ ಸೂಚಿ ಬಿ-ವೃಕ್ಷ ಎಂಬ ರಚನೆ. ಲಕ್ಷಾಂತರ ರೂಪಗಳಿದ್ದರೂ ಬೇರಿನಿಂದ ಎಲೆಗೆ ಇಳಿಯಲು ಬೆರಳೆಣಿಕೆಯ ಪುಟಗಳನ್ನು ಓದಿದರೆ ಸಾಕು. ಪಠ್ಯ ಹುಡುಕುವ ಗ್ರೆಪ್ ಆದೇಶ ಬಳಸಿ ಇಡೀ ಫೈಲನ್ನು ಜಾಲಾಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದರೆ ಎಸ್‌ಕ್ಯೂಲೈಟಿನ ಪ್ರಶ್ನೆಯಲ್ಲಿ 'ಲೈಕ್' ಬಳಸಿ, ಪದದ ಆರಂಭಕ್ಕೆ 'ಏನಾದರೂ ಇರಲಿ' ಎಂಬ ಅರ್ಥದ ಶೇಕಡಾ ಚಿಹ್ನೆ ಹಾಕಿ ಹುಡುಕಿದರೆ ಸೂಚಿಯ ಪ್ರಯೋಜನ ಪೂರ್ತಿ ಹೋಗುತ್ತದೆ. ಪದದ ಆರಂಭದ ಅಕ್ಷರಗಳಿಂದ ಹುಡುಕಬೇಕಿದ್ದರೆ 'ಇದಕ್ಕಿಂತ ದೊಡ್ಡದು, ಅದಕ್ಕಿಂತ ಚಿಕ್ಕದು' ಎಂದು ವ್ಯಾಪ್ತಿ ಕೊಟ್ಟು ಕೇಳಿ.

ಹಂತ 7: ಆದೇಶ ಬರೆಯುವುದು

ಟರ್ಮಿನಲ್‌ನಲ್ಲಿ ಟೈಪ್ ಮಾಡುವ ಹುಡುಕಾಟದ ಆದೇಶಕ್ಕೆ ಚಿಕ್ಕ ಹೆಸರಿಡಿ. ಫಿನ್ನಿಶ್‌ನ ಭಾಷಾಸಂಕೇತವಾದ 'ಎಫ್ ಐ' ಎಂಬ ಎರಡಕ್ಷರ ಮನಸ್ಸಿಗೆ ಬರುವುದು ಸಹಜ. ಅದನ್ನು ಮಾತ್ರ ಇಡಬೇಡಿ. ಟರ್ಮಿನಲ್‌ನ ಆದೇಶಗಳನ್ನು ನಡೆಸುವ ಶೆಲ್ ಆದ ಬ್ಯಾಷ್‌ನಲ್ಲಿ 'ಇಫ್' ಮುಗಿಸುವ ಕಾಯ್ದಿರಿಸಿದ ಪದ ಅದೇ. ಎಂಟರ್ ಒತ್ತಿದರೆ ವ್ಯಾಕರಣ ದೋಷ ಎಂದು ಶೆಲ್ ಗದರುತ್ತದೆ. ಪದ ಎಂಬ ಅರ್ಥದ 'ಸನ' ಚೆನ್ನಾಗಿದೆ.

ದತ್ತಸಂಚಯವನ್ನು ಓದಲು ಮಾತ್ರ ಎಂಬ ವಿಧಾನದಲ್ಲಿ ತೆರೆಯಿರಿ. ಪೈಥಾನಿನಲ್ಲಿ ಬರೆದರೆ ಆಮದು ಮಾಡಿಕೊಳ್ಳುವ ಘಟಕಗಳನ್ನು ಕನಿಷ್ಠಕ್ಕೆ ಇಳಿಸಿ. ಬಣ್ಣ ಹಚ್ಚುವ ದೊಡ್ಡ ಲೈಬ್ರರಿಯೊಂದನ್ನು ಎಳೆದುಕೊಂಡರೆ ಹುಡುಕಾಟಕ್ಕಿಂತ ಅದರ ಆರಂಭಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. 'ಟೈಮ್' ಆದೇಶದಿಂದ ಅಳೆದು ನೋಡಿ. ಮೊದಲ ಸಲ ಡಿಸ್ಕಿನಿಂದ ಓದಬೇಕಾಗಿ ತಡವಾಗುತ್ತದೆ, ಆದ್ದರಿಂದ ಹಲವು ಸಲ ಅಳೆಯಿರಿ. ನೂರು ಮಿಲಿಸೆಕೆಂಡಿನ ಒಳಗಿದ್ದರೆ ತಟ್ಟನೆ ಬಂದಂತೆಯೇ ಅನಿಸುತ್ತದೆ. ಅಷ್ಟರಲ್ಲಿ ತೃಪ್ತಿಯಾಗದಿದ್ದರೆ ಆಗ ಗೋ ಅಥವಾ ರಸ್ಟ್‌ನಲ್ಲಿ ಬರೆಯಿರಿ. ದತ್ತಸಂಚಯ ಅದೇ ಇರುತ್ತದೆ.

ಫಲಿತಾಂಶ ಹೀಗಿರಲಿ:

ಸನ ಕ್ಯಾದೆಸ್ಸ್ಯಾ
ಕ್ಯಾಸಿ, ನಾಮಪದ
ರೂಪ: ಏಕವಚನ, ಒಳಗೆ
ಅರ್ಥ: ಕೈ

ವಿಭಕ್ತಿಗಳ ಹೆಸರನ್ನು ಕನ್ನಡದಲ್ಲಿ ತೋರಿಸಿ ಎಂದು ಒತ್ತಿ ಹೇಳುತ್ತೇನೆ. ಇನೆಸ್ಸಿವ್, ಎಲಾಟಿವ್ ಎಂದು ಲ್ಯಾಟಿನ್ ಹೆಸರುಗಳನ್ನು ಉರು ಹೊಡೆಯುವ ಬದಲು ಒಳಗೆ, ಒಳಗಿನಿಂದ, ಒಳಕ್ಕೆ; ಮೇಲೆ, ಮೇಲಿನಿಂದ, ಮೇಲಕ್ಕೆ ಎಂದು ಆರು ಸ್ಥಳವಿಭಕ್ತಿಗಳಿಗೆ ಹೆಸರಿಟ್ಟರೆ ಅವುಗಳ ಜೋಡಣೆ ತಾನಾಗಿ ಮನಸ್ಸಿಗೆ ಹತ್ತುತ್ತದೆ. ನಮ್ಮ 'ಅಲ್ಲಿ' ಒಂದೇ ಮಾಡುವ ಕೆಲಸವನ್ನು ಫಿನ್ನಿಶ್ ಒಳಗೆ ಮತ್ತು ಮೇಲೆ ಎಂದು ಎರಡಾಗಿ ಒಡೆಯುತ್ತದೆ. ಪ್ರತಿ ಹುಡುಕಾಟದಲ್ಲೂ ಅದು ಕಣ್ಣಿಗೆ ಬೀಳಬೇಕು.

ಒಂದು ರೂಪಕ್ಕೆ ಹಲವು ಮೂಲವಿದ್ದರೆ ಎಲ್ಲವನ್ನೂ ತೋರಿಸಿ. 'ವೊಯ್' ಎಂದರೆ ಬೆಣ್ಣೆ, 'ವೊಯ್' ಎಂದರೆ ಅವನಿಂದ ಅಥವಾ ಅವಳಿಂದ ಆಗುತ್ತದೆ ಎಂದೂ ಹೌದು. ಯಾವುದು ಸರಿ ಎಂದು ಆರಿಸಬೇಕಾದವರು ವಾಕ್ಯ ಓದುತ್ತಿರುವವರು, ಪ್ರೋಗ್ರಾಂ ಅಲ್ಲ.

ಹಂತ 8: ಸಿಗದ ಪದಗಳಿಗೆ ವೊಯ್ಕ್ಕೊ

ಸೂಚಿ ಎಷ್ಟೇ ದೊಡ್ಡದಾದರೂ ಎರಡು ಬಗೆಯ ಪದಗಳು ತಪ್ಪಿಸಿಕೊಳ್ಳುತ್ತವೆ. ಒಂದು, ಕೊನೆಯ ಪ್ರತ್ಯಯಗಳು ಸಾಲುಗಟ್ಟಿದವು: 'ತಲೊಸ್ಸನಿಕಿನ್', ಅಂದರೆ 'ನನ್ನ ಮನೆಯಲ್ಲಿಯೂ'. ಎರಡು, ಸಮಾಸಗಳು. ಪತ್ರಿಕೆಗಳು ದಿನವೂ ಹೊಸ ಸಮಾಸ ಕಟ್ಟುತ್ತವೆ, ಅವೆಲ್ಲ ಯಾವ ನಿಘಂಟಿನಲ್ಲೂ ಇರುವುದಿಲ್ಲ.

ಸೂಚಿಯಲ್ಲಿ ಸಿಗದಿದ್ದಾಗ ಮಾತ್ರ ಪದವನ್ನು ವೊಯ್ಕ್ಕೊಗೆ ಕಳಿಸಿ. ಮೊದಲೇ ಕರೆದರೆ ಅದರ ನಿಘಂಟು ತೆರೆದುಕೊಳ್ಳುವ ಹೊತ್ತನ್ನು ಪ್ರತಿ ಹುಡುಕಾಟಕ್ಕೂ ತೆರಬೇಕಾಗುತ್ತದೆ. ಅದು ಮೂಲಪದ, ವಿಭಕ್ತಿ, ಸ್ವಾಮ್ಯ, ಕೊನೆಯ ಪ್ರತ್ಯಯ ಎಲ್ಲವನ್ನೂ ಬಿಡಿಬಿಡಿಯಾಗಿ ಕೊಡುತ್ತದೆ. ವಿಭಕ್ತಿಯ ಹೆಸರು ಫಿನ್ನಿಶ್‌ನಲ್ಲಿರುತ್ತದೆ, ಚಿಕ್ಕ ಪಟ್ಟಿಯೊಂದರಿಂದ ಕನ್ನಡಕ್ಕೆ ತಿರುಗಿಸಿಕೊಳ್ಳಿ. ಸಮಾಸವಾದರೆ ಘಟಕ ಪದಗಳೂ ಸಿಗುತ್ತವೆ. 'ರೌತತಿಯೆಅಸೆಮಲ್ಲ' ಕೊಟ್ಟರೆ ಕಬ್ಬಿಣ, ದಾರಿ, ನಿಲ್ದಾಣ ಎಂಬ ಅರ್ಥದ ಮೂರು ಪದಗಳು ಬರುತ್ತವೆ: ರೈಲು ನಿಲ್ದಾಣದಲ್ಲಿ. ಪ್ರತಿ ಘಟಕವನ್ನೂ ಮತ್ತೆ ನಿಮ್ಮ ಸೂಚಿಯಲ್ಲಿ ಹುಡುಕಿ ಅರ್ಥಗಳನ್ನು ಕೆಳಗೆ ಕೆಳಗೆ ತೋರಿಸಿ.

ಸಮಾಸವನ್ನು ಒಡೆಯುವ ಕೋಡನ್ನು ಸ್ವಂತವಾಗಿ ಬರೆಯುವ ಆಸೆ ಹಲವರಿಗೆ ಬರುತ್ತದೆ. ಬೇಡ ಎನ್ನುತ್ತೇನೆ. ಫಿನ್ನಿಶ್‌ನಲ್ಲಿ ಎರಡು ಮೂರಕ್ಷರದ ಪದಗಳು ಹೇರಳ, ಎಲ್ಲೆಂದರಲ್ಲಿ ಒಡೆದು ಅಸಂಬದ್ಧ ಅರ್ಥ ಬರುತ್ತದೆ. ಫಿನ್ನಿಶ್ ಪದರಚನೆಯನ್ನು ಕಂಪ್ಯೂಟರಿಗೆ ಕಲಿಸುವ ಕೆಲಸಕ್ಕೆ ದೀರ್ಘ ಪರಂಪರೆಯಿದೆ. ಕಿಮ್ಮೊ ಕೊಸ್ಕೆನ್ನಿಯೆಮಿ 1983ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಎರಡು ಸ್ತರದ ಪದರಚನಾ ಮಾದರಿಯನ್ನು ಮುಂದಿಟ್ಟರು. ಮುಂದೆ ಎಷ್ಟೋ ಭಾಷೆಗಳ ವಿಶ್ಲೇಷಕಗಳು ಆ ದಾರಿಯಲ್ಲೇ ಬಂದವು. ಅಷ್ಟು ಪಳಗಿದ ಕೆಲಸ ಕೈಗೆಟುಕುವಂತಿರುವಾಗ ಅದನ್ನೇ ಬಳಸುವುದು ಲೇಸು.

ಹಂತ 9: ನಿಮ್ಮ ಟಿಪ್ಪಣಿಗಳಿಗೆ ಬೇರೆ ಫೈಲು

ವಿಕ್ಷನರಿಯಿಂದ ಬರುವ ಅರ್ಥಗಳು ಇಂಗ್ಲಿಷಿನಲ್ಲಿರುತ್ತವೆ. ಮೇಲಿನ ಉದಾಹರಣೆಯಲ್ಲಿ 'ಕೈ' ಎಂಬ ಕನ್ನಡ ಅರ್ಥ ಬಂದದ್ದು ನೀವೇ ಬರೆದುಕೊಳ್ಳುವ ಟಿಪ್ಪಣಿ ಕೋಷ್ಟಕದಿಂದ. ಮೂಲಪದ, ವರ್ಗ, ಕನ್ನಡ ಅರ್ಥ, ಪದ ಸಿಕ್ಕ ವಾಕ್ಯ ಎಂಬ ನಾಲ್ಕು ಕಂಬಸಾಲು ಸಾಕು. 'ಸನ' ಆದೇಶಕ್ಕೆ ಸೇರಿಸುವ ಆಯ್ಕೆಯೊಂದನ್ನು ಕೊಟ್ಟರೆ ಓದುತ್ತ ಓದುತ್ತಲೇ ಟಿಪ್ಪಣಿ ಬೆಳೆಯುತ್ತದೆ. ಹೆಲ್ಸಿಂಕಿಯ ಬೀದಿಯಲ್ಲಿ ಕೇಳುವ ಆಡುಮಾತಿನ ರೂಪಗಳಿಗೂ ಇದೇ ಜಾಗ. 'ಮಿನ್ಯಾ ಒಲೆನ್' ಎಂದು ಪುಸ್ತಕದಲ್ಲಿ ಓದಿದ್ದು ಕಿವಿಗೆ 'ಮ್ಯಾ ಓನ್' ಎಂದು ಬೀಳುತ್ತದೆ. ಅಂಥ ರೂಪ ಸೂಚಿಯಲ್ಲಿ ಇಲ್ಲದಿದ್ದರೆ ನೀವೇ ಸೇರಿಸಿ.

ಈ ಕೋಷ್ಟಕವನ್ನು ಮುಖ್ಯ ದತ್ತಸಂಚಯದೊಳಗೆ ಇಡಬಾರದು. ವಿಕ್ಷನರಿ ಬೆಳೆಯುತ್ತಲೇ ಇರುತ್ತದೆ, ಆಗಾಗ ನೀವು ಹೊಸ ಫೈಲು ಇಳಿಸಿ ನಿಘಂಟನ್ನು ಮತ್ತೆ ಕಟ್ಟುತ್ತೀರಿ. ಟಿಪ್ಪಣಿ ಒಳಗಿದ್ದರೆ ಅಂದು ಎಲ್ಲ ಅಳಿಸಿಹೋಗುತ್ತದೆ. ಬೇರೆ ಫೈಲಿನಲ್ಲಿಟ್ಟು, ಹುಡುಕುವಾಗ ಎಸ್‌ಕ್ಯೂಲೈಟಿನ 'ಅಟ್ಯಾಚ್' ಸೌಲಭ್ಯದಿಂದ ಜೋಡಿಸಿಕೊಳ್ಳಿ. ಜೋಡಿಸುವುದು ಮೂಲಪದ ಮತ್ತು ವರ್ಗದ ಮೂಲಕವೇ ಇರಲಿ, ಕ್ರಮಸಂಖ್ಯೆಯ ಮೂಲಕ ಬೇಡ. ಮರಳಿ ಕಟ್ಟಿದಾಗ ಕ್ರಮಸಂಖ್ಯೆಗಳು ಬದಲಾಗುತ್ತವೆ.

ಹೊಸದಾಗಿ ಕಟ್ಟುವಾಗ ಹಳೆಯ ಫೈಲಿನ ಮೇಲೆಯೇ ಬರೆಯಬೇಡಿ. ತಾತ್ಕಾಲಿಕ ಹೆಸರಿನಲ್ಲಿ ಕಟ್ಟಿ. ಕದುಲ್ಲ, ಕೂಸೆನ್, ವಾ'ಅನ್, ಲಿನ್ಯ-ಔತೊ, ತಲೊಸ್ಸನಿಕಿನ್ ಎಂಬ ಐದು ಪದಗಳನ್ನು ಅದರಲ್ಲಿ ಹುಡುಕಿ ನೋಡಿ. ಐದಕ್ಕೂ ಸರಿಯಾದ ಉತ್ತರ ಬಂದರೆ ಮಾತ್ರ ಹಳೆಯ ಹೆಸರಿಗೆ ಬದಲಿಸಿ.